ಮಿರಜಿನ ದಾರಿ ಮರೆತ ಸರ್ವರ್

ನಮ್ಮ ಅಡುಗೆಮನೆಯ ನಲ್ಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಏಳು ವರ್ಷವಾಯಿತು. ಸುತ್ತಿದ ದಿನ ಹೆಂಡತಿಗೆ, ಇವತ್ತಿನ ಮಟ್ಟಿಗೆ ಇದು ನಡೆಯಲಿ, ನಾಳೆ ಹೊಸ ವಾಶರ್ ತಂದು ಹಾಕುತ್ತೇನೆ ಎಂದು ಹೇಳಿದ್ದೆ. ಆ ಮಾತು ಇಬ್ಬರಿಗೂ ಚೆನ್ನಾಗಿ ನೆನಪಿದೆ. ವಾಶರ್ ಮಾತ್ರ ಇನ್ನೂ ಅಂಗಡಿಯಲ್ಲಿದೆ. ಬಚ್ಚಲ ಬಾಗಿಲಿಗೆ ಚಿಲಕದ ಬದಲು ಒಂದು ಮೊಳೆ, ಸ್ಕೂಟರಿನ ಹಿಂದಿನ ದೀಪಕ್ಕೆ ರಬ್ಬರ್ ಬ್ಯಾಂಡ್, ಗಡಿಯಾರ ವಾಲದಂತೆ ಅದರ ಹಿಂದೆ ಮಡಿಚಿಟ್ಟ ಯಾರದೋ ಮದುವೆಯ ಕರೆಯೋಲೆ, ಹೀಗೆ ನನ್ನ ಸಂಸಾರದ ಬಹುಭಾಗ ತಾತ್ಕಾಲಿಕ ಏರ್ಪಾಡಿನ ಮೇಲೆ ನಿಂತಿದೆ. ನಾನು ಮೈಗಳ್ಳನಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಕೆಲಸ ಬಂದ ಕೂಡಲೇ ಎದ್ದು ಹೋಗುತ್ತೇನೆ, ಹತ್ತರಲ್ಲಿ ಒಂಬತ್ತು ಪಾಲು ಮುಗಿಸುತ್ತೇನೆ. ಕೊನೆಯ ಪಾಲಿನ ಹತ್ತಿರ ಬಂದಾಗ ಯಾರೋ ಚಹಾಕ್ಕೆ ಕರೆಯುತ್ತಾರೆ. ಯಾರೂ ಕರೆಯದಿದ್ದರೆ ನಾನೇ ಯಾರನ್ನಾದರೂ ಕರೆಯುತ್ತೇನೆ. ನಲ್ಲಿ ಸೋರಿದರೆ ಹೋಗುವುದು ನಾಲ್ಕು ಹನಿ ನೀರು ತಾನೇ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ನನ್ನ ಆ ಹತ್ತನೆಯ ಪಾಲಿನಿಂದಾಗಿ ಒಬ್ಬ ಹಿರಿಯ ಹೆಣ್ಣುಮಗಳು ತಾನು ಮಾಡದ ತಪ್ಪಿಗೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಯಿತು. ಅದನ್ನು ಇವತ್ತು ಹೇಳಿಬಿಡಬೇಕೆಂದು ಕುಳಿತಿದ್ದೇನೆ.

ನಾನು ಸಾಂಗ್ಲಿಯ ಮಾರ್ಕೆಟ್ ಯಾರ್ಡಿನ ಒಂದು ಪೇಢಿಯಲ್ಲಿ ಕೆಲಸಕ್ಕಿದ್ದೇನೆ. ಅರಿಷಿಣ ಮತ್ತು ಒಣದ್ರಾಕ್ಷಿಯ ವ್ಯಾಪಾರ. ಮಾಲಕರು ಅಪ್ಪಾಸಾಹೇಬರು, ಅವರ ಮುತ್ತಜ್ಜ ವಿಜಾಪುರದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರಂತೆ. ಅವರ ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಪೇಢಿಯ ಕೋಲ್ಡ್ ಸ್ಟೋರೇಜ್ ಮಿರಜಿನಲ್ಲಿದೆ. ದ್ರಾಕ್ಷಿಯ ಪೆಟ್ಟಿಗೆಗಳು ಅಲ್ಲಿ, ಯಾವ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಎಂಬ ಮಾಹಿತಿ ಇಲ್ಲಿ, ಸಾಂಗ್ಲಿಯ ಸರ್ವರಿನಲ್ಲಿ. ಮಿರಜಿನ ಆಫೀಸು ನೋಡುವ ವೈಶಾಲಿ ಅಲ್ಲಿಂದ ಈ ಸರ್ವರನ್ನು ಕೇಳಿ ಗೇಟ್ ಪಾಸ್ ಮುದ್ರಿಸಿ ಕೊಟ್ಟರೆ ಮಾತ್ರ ಲಾರಿ ಹೊರಗೆ ಬೀಳುತ್ತದೆ. ಇಂಥ ಯಂತ್ರವನ್ನು ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು, ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಗದವನ್ನು ನಾನು ಹರಿಯದಂತೆ ಹೊರಗೆ ತೆಗೆದದ್ದರಿಂದ. ಅದನ್ನು ಕಣ್ಣಾರೆ ಕಂಡ ಅಪ್ಪಾಸಾಹೇಬರು ನನ್ನಲ್ಲಿ ವಿದ್ಯೆ ಇದೆಯೆಂದು ತೀರ್ಮಾನಿಸಿ ಹದಿನೈದು ದಿನದ ತರಬೇತಿಗೆ ಪುಣೆಗೆ ಕಳಿಸಿದರು. ಅಲ್ಲಿ ಲಿನಕ್ಸ್ ಎಂಬುದನ್ನು ಕಲಿಸಿದರು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ನೀವು ತಪ್ಪು ಮಾಡಿದರೂ ಅದು ಏನೂ ಅನ್ನುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ. ಎರಡನೆಯ ವಾರದಲ್ಲಿ ನನಗೆ ಜ್ವರ ಬಂದಿತ್ತು. ದಾರಿಗಳ ವಿಷಯ ಹೇಳಿದ್ದು ಎರಡನೆಯ ವಾರದಲ್ಲಿ.

ದಾರಿ ಎಂದರೆ ಇಷ್ಟೇ. ಸರ್ವರಿನಿಂದ ಹೊರಡುವ ಮಾತು ಯಾವ ಊರಿಗೆ ಹೋಗಬೇಕಾದರೆ ಯಾವ ಬಾಗಿಲಿನಿಂದ ಹೊರಡಬೇಕು ಎಂದು ಅದಕ್ಕೆ ಮೊದಲೇ ಹೇಳಿಡಬೇಕು. ಏನೂ ಹೇಳದಿದ್ದರೆ ಅದು ಎಲ್ಲವನ್ನೂ ಇಂಟರ್ನೆಟ್ಟಿನ ದೊಡ್ಡ ಬಾಗಿಲಿನಿಂದ ಆಚೆ ತಳ್ಳುತ್ತದೆ. ಐದು ವರ್ಷದ ಹಿಂದೆ ಮಿರಜಿಗೆಂದೇ ಬೇರೆ ಲೈನು ಹಾಕಿಸಿ ಅದಕ್ಕೊಂದು ಪುಟ್ಟ ಪೆಟ್ಟಿಗೆ ಕೂರಿಸಿದಾಗ, ಮಿರಜಿನ ಮಾತೆಲ್ಲ ಈ ಪೆಟ್ಟಿಗೆಯ ಮೂಲಕ ಹೋಗಲಿ ಎಂದು ನಾನು ಕಪ್ಪು ಪರದೆಯ ಮೇಲೆ ಒಂದು ಸಾಲು ಬಡಿದೆ. ಆ ಕ್ಷಣವೇ ವೈಶಾಲಿಯ ಫೋನು ಬಂತು, ಸುರುವಾಯಿತು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಹಾಗೆ ಕೈಯಿಂದ ಬಡಿದ ಸಾಲು ಯಂತ್ರ ನಡೆಯುತ್ತಿರುವ ತನಕ ಮಾತ್ರ ಅದರ ನೆನಪಿನಲ್ಲಿರುತ್ತದೆ. ಆರಿಸಿ ಹಚ್ಚಿದರೆ ಅಳಿಸಿಹೋಗುತ್ತದೆ. ಕಾಯಂ ಉಳಿಯಬೇಕಾದರೆ ಅದಕ್ಕಾಗಿಯೇ ಇರುವ ಫೈಲಿನಲ್ಲಿ ಬರೆದಿಡಬೇಕು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫೈಲನ್ನು ತೆರೆದೂ ಇದ್ದೆ. ಅಷ್ಟರಲ್ಲಿ ಕೆಳಗಿನಿಂದ ಚಹಾಕ್ಕೆ ಕರೆದರು.

ಆ ಚಹಾ ಮಾಡಿದವರು ಗೌರಾ ಮಾವಶಿ, ಪೇಢಿಯವರಿಗೆಲ್ಲ ಚಿಕ್ಕಮ್ಮನಂತಿದ್ದವರು. ಪೇಢಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಸ ಹೊಡೆದು, ಚಹಾ ಮಾಡಿ, ಮುಂಜಾನೆ ದೀಪ ಹಚ್ಚುತ್ತಿದ್ದವರು. ನಾನು ಕೆಲಸಕ್ಕೆ ಸೇರಿದ ದಿನ ನನಗೆ ಕುರ್ಚಿ ತೋರಿಸಿದವರೂ ಅವರೇ. ದಿನಾ ದೀಪ ಹಚ್ಚಿದ ಮೇಲೆ ತಕ್ಕಡಿಗೆ ಒಂದು ಹೂ, ತಿಜೋರಿಗೆ ಒಂದು, ಮಾಲಕರ ಗಾದಿಗೆ ಒಂದು ಇಟ್ಟು, ಆಮೇಲೆ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿ ಸರ್ವರಿಗೂ ಒಂದು ಇಡುತ್ತಿದ್ದರು. ಊರಿಗೆ ಮಹಾಪೂರ ಬಂದು ಹೋದ ಮೇಲೆ ನಾವು ಸರ್ವರನ್ನು ಮಾಳಿಗೆಗೆ ಏರಿಸಿದ್ದೆವು, ಆ ಕೋಣೆಯ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಯಂತ್ರದ ಒಳಗೇನಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ದುಡಿಯುವ ವಸ್ತು ಎಂದು ತಿಳಿದಿದ್ದರು, ಅಷ್ಟು ಸಾಕಿತ್ತು.

ದಸರೆಯ ಹಿಂದಿನ ದಿನ ಖಂಡೇನವಮಿ. ಆ ದಿನ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ವಿಶ್ರಾಂತಿ, ಪೂಜೆ. ಕಾಟಾ ಎಂದು ಕರೆಯುವ ತಕ್ಕಡಿಯನ್ನು ಇಳಿಸಿ ತೊಳೆಯುತ್ತಾರೆ, ಲಾರಿಯನ್ನು ತೊಳೆದು ಹಾರ ಹಾಕುತ್ತಾರೆ, ಯಾವುದನ್ನೂ ಆ ದಿನ ಕೆಲಸಕ್ಕೆ ಹಚ್ಚುವುದಿಲ್ಲ. ಸರ್ವರಿನ ವಿಷಯದಲ್ಲಿ ನಾನು ಪ್ರತಿ ವರ್ಷ ಒಂದು ಉಪಾಯ ಮಾಡುತ್ತಿದ್ದೆ. ಪರದೆಯನ್ನು ಮಾತ್ರ ಆರಿಸಿ, ಬಂದ್ ಮಾಡಿದ್ದೇನೆ, ಪೂಜೆ ಮಾಡಿರಿ ಎನ್ನುತ್ತಿದ್ದೆ. ಆರಿಸಿದ ಯಂತ್ರ ಮತ್ತೆ ಹತ್ತದಿದ್ದರೆ ಎಂಬ ಹೆದರಿಕೆ. ಅದಲ್ಲದೆ ಇಷ್ಟು ದಿನದಿಂದ ಒಮ್ಮೆಯೂ ನಿಲ್ಲದೆ ನಡೆದಿದೆ ಎಂದು ಅದು ಪರದೆಯ ಮೇಲೆ ತೋರಿಸುತ್ತದೆ. ಆ ಸಂಖ್ಯೆ ಬೆಳೆಯುವುದನ್ನು ನೋಡುವುದು ನನಗೆ ಮಗ ಮಾರ್ಕ್ಸು ತಂದಷ್ಟೇ ಖುಷಿಯ ಸಂಗತಿಯಾಗಿತ್ತು. ಎರಡು ವರ್ಷದ ಹಿಂದಿನ ಖಂಡೇನವಮಿಯಂದು ಮಾವಶಿ ಚೆಂಡುಹೂವಿನ ಬುಟ್ಟಿ ಹಿಡಿದು ಬಂದವರು ಆರತಿಗೆ ಬಗ್ಗಿ, ಹಾಗೇ ನಿಂತುಬಿಟ್ಟರು. ಸರ್ವರಿನ ಮುಂಭಾಗದ ಹಸಿರು ದೀಪ ಅವರ ಕಣ್ಣಿಗೆ ಬಿದ್ದಿತ್ತು.

“ಕಾಟಾ ಬಂದ್ ಮಾಡಿ ಪೂಜಾ ಮಾಡ್ತೀವಿ, ಗಾಡಿ ಬಂದ್ ಮಾಡಿ ಮಾಡ್ತೀವಿ. ಇದು ಇನ್ನೂ ಕಣ್ಣ ಮಿಟಕಸಾಕತ್ತೈತಿ. ಇದೊಂದಕ್ಕ ಸೂಟಿ ಇಲ್ಲೇನು ತಮ್ಮಾ?”

ಅಪ್ಪಾಸಾಹೇಬರ ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಇಷ್ಟು ವರ್ಷದ ನನ್ನ ಉಪಾಯ ಒಂದು ಹಸಿರು ಚುಕ್ಕೆಯಿಂದ ಬಯಲಾಗಿ ನನಗೆ ಹೇಳಲಾರದಷ್ಟು ನಾಚಿಕೆಯಾಯಿತು. ಸರ್ವರನ್ನು ಕ್ರಮವಾಗಿ ಆರಿಸಿದೆ. ಮಾವಶಿ ವಿಭೂತಿ ಹಚ್ಚಿ, ಅರಿಷಿಣ ಕುಂಕುಮ ಏರಿಸಿ, ವೀಳ್ಯದೆಲೆಯಿಂದ ಎರಡು ಹನಿ ನೀರು ಸಿಂಪಡಿಸಿ, ಅದು ಮುಂದಿನ ವರ್ಷವೂ ಚೆನ್ನಾಗಿ ದುಡಿಯಲಿ ಎಂದು ಕೈ ಮುಗಿದರು. ದಸರೆ ಮುಗಿಸಿ, ಎಲ್ಲರಿಗೂ ಬನ್ನಿ ಹಂಚಿ, ಮೂರನೆಯ ದಿನ ಮುಂಜಾನೆ ನಾನು ಸರ್ವರನ್ನು ಹಚ್ಚಿದೆ. ಏನೂ ತಕರಾರಿಲ್ಲದೆ ಹತ್ತಿತು. ಸಂಖ್ಯೆ ಸೊನ್ನೆಯಿಂದ ಸುರುವಾದದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟು ಕೆಳಗಿಳಿಯುವಷ್ಟರಲ್ಲಿ ಮಿರಜಿನಿಂದ ವೈಶಾಲಿಯ ಫೋನು. ಅವಳ ಮನೆಮಾತೂ ಕನ್ನಡವೇ, ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಆದರೆ ಉತ್ತರ ಮರಾಠಿಯಲ್ಲೇ ಬರುತ್ತದೆ. ಸರ್ವರ್ ಸಿಗುತ್ತಿಲ್ಲ, ಒಂಬತ್ತು ಲಾರಿ ನಿಂತಿವೆ ಎಂದಳು.

ಆಮೇಲಿನ ಎರಡು ದಿನ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸರ್ವರಿನಿಂದ ಪುಟ್ಟ ಪೆಟ್ಟಿಗೆಯನ್ನು ಕೂಗಿದರೆ ಅದು ಓ ಎನ್ನುತ್ತಿತ್ತು. ಮಿರಜಿನಿಂದ ವೈಶಾಲಿ ಕೂಗಿದರೂ ಪೆಟ್ಟಿಗೆ ಓ ಎನ್ನುತ್ತಿತ್ತು. ಸಾಂಗ್ಲಿಯ ಆಫೀಸಿನೊಳಗೆ ಎಲ್ಲ ಸರಿ, ಇಂಟರ್ನೆಟ್ಟೂ ಸರಿ. ಮಿರಜಿಗೂ ಸರ್ವರಿಗೂ ಮಾತ್ರ ಮಾತಿಲ್ಲ, ಜಗಳವಾಡಿದ ಬೀಗರ ಹಾಗೆ. ಇಷ್ಟು ಹೇಳಿದರೆ ತಿಳಿದವರು ಯಾರಾದರೂ ಅರ್ಧ ನಿಮಿಷದಲ್ಲಿ, ನಿನ್ನ ದಾರಿಗಳ ಪಟ್ಟಿ ತೆಗೆದು ನೋಡು ಎನ್ನುತ್ತಿದ್ದರು. ನಾನು ಕೇಬಲ್ ಬದಲಿಸಿದೆ. ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ಲೈನಿನವರಿಗೆ ಫೋನು ಮಾಡಿ ಜಗಳ ತೆಗೆದೆ. ಅವರು ಶಾಂತವಾಗಿ, ನಮ್ಮ ಕಡೆ ಎಲ್ಲ ಸ್ವಚ್ಛ ಇದೆ ಎಂದರು. ಪ್ರತಿ ಸಲವೂ ವೈಶಾಲಿಯನ್ನು ಕೇಳುತ್ತಿದ್ದೆ, ಪ್ರತಿ ಸಲವೂ ಅವಳು “ಅಜೂನ್ ನಾಹೀ ಕಾಕಾ” ಎನ್ನುತ್ತಿದ್ದಳು. ಇನ್ನೂ ಇಲ್ಲ ಎಂಬ ಮಾತನ್ನು ಇಷ್ಟು ವಿನಯದಿಂದ ಇಷ್ಟು ಸಲ ಹೇಳಿಸಿಕೊಂಡರೆ ಮನುಷ್ಯ ಒಳಗೇ ಕುಸಿಯುತ್ತಾನೆ. ಅವಳು ಪಾಪ, ಹಳೆಯ ಪಾಸಿನ ಹಿಂಬದಿಯಲ್ಲಿ ಕೈಯಿಂದ ಬರೆದು ಒಂದೊಂದೇ ಲಾರಿ ಬಿಡುತ್ತಿದ್ದಳು. ಚಾಲಕರು ಅವಳಿಗೆ ಬೈಯುತ್ತಿದ್ದರು, ಅಪ್ಪಾಸಾಹೇಬರು ಎರಡೂ ಭಾಷೆಯಲ್ಲಿ ನನಗೆ.

ಎರಡನೆಯ ದಿನ ಮಧ್ಯಾಹ್ನ ಅವರು ತಾವೇ ಮಾಳಿಗೆ ಹತ್ತಿ ಬಂದರು. ನಾನು ಬೆವತು, ಅಂಗಿಯ ತೋಳು ಮಡಿಚಿ, ತಂತಿಗಳ ನಡುವೆ ಕುಳಿತಿದ್ದೆ. ಸರ್ವರಿನ ಸುತ್ತ ಇನ್ನೂ ಚೆಂಡುಹೂವಿನ ಎಸಳು ಬಿದ್ದಿದ್ದವು. ದಸರೆಯ ತನಕ ಸರಿ ಇತ್ತಲ್ಲ, ಆಮೇಲೆ ಏನಾಯಿತು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಗೊತ್ತಿಲ್ಲ ಎಂಬುದು ನ್ಯಾಯವಾದ ಉತ್ತರ. ಆದರೆ ಪುಣೆಯಲ್ಲಿ ಹದಿನೈದು ದಿನ ಕಲಿತು ಬಂದವನು ಗೊತ್ತಿಲ್ಲ ಎನ್ನುವುದು ಹೇಗೆ? ಎಸಳುಗಳ ಕಡೆ ನೋಡಿದೆ, ಬಾಯಿ ತಾನಾಗಿ ತೆರೆಯಿತು.

“ಪೂಜಾ ದಿವಸ ಒಳಗ ನೀರ ಹೋಗಿರಬೇಕ್ರಿ.”

ಹೇಳಿ ತಲೆ ಎತ್ತಿದರೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಮಾವಶಿ ನಿಂತಿದ್ದರು. ಅಪ್ಪಾಸಾಹೇಬರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಹಳ ಮೆತ್ತಗೆ, “ಗೌರಾಬಾಯಿ, ಇನ್ನ ಮುಂದ ಮ್ಯಾಲಿನ ಖೋಲಿಯೊಳಗ ಪೂಜಾ ಬ್ಯಾಡ. ಕೆಳಗ ತಕ್ಕಡಿಗೆ ಮಾಡ್ರಿ, ಸಾಕು” ಎಂದರು. ಮಾವಶಿ ಹೂಂ ಎಂದರು. ಚಹಾ ಇಟ್ಟು, ಸೊಂಟದಿಂದ ಕೋಣೆಯ ಬೀಗದ ಕೈ ಬಿಚ್ಚಿ ನನ್ನ ಮುಂದೆ ಮೇಜಿನ ಮೇಲೆ ಇಟ್ಟು ಇಳಿದು ಹೋದರು. ನಾನು ಮನೆಗೆ ಹೋಗಿ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು, ಎಲ್ಲರೂ ನೋಡುತ್ತಿರುವಂತೆ ಒಂದು ಗಂಟೆ ಸರ್ವರಿಗೆ ಬಿಸಿಗಾಳಿ ಹಾಕಿದೆ. ಅದನ್ನು ಎತ್ತಿಕೊಡುವಾಗ ಹೆಂಡತಿ, ನನ್ನ ಆಫೀಸಿನ ಟಾವೆಲ್ಲಿನ ಮೇಲೆ ಕುಂಕುಮದ ಕಲೆ ಬಿದ್ದದ್ದು ಹೇಗೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಎಂದು ಗೊಣಗಿದಳು. ಮಿರಜಿನ ಲಾರಿಗಳ ಚಿಂತೆಯಲ್ಲಿದ್ದ ನಾನು, ಟಾವೆಲ್ಲಿನ ಮಾತು ಆಮೇಲೆ ಎಂದು ಓಡಿದೆ.

ಮೂರನೆಯ ದಿನ ಬೆಳಗ್ಗೆ ಬೇರೆ ಏನೂ ತೋಚದೆ, ಸುಮ್ಮನೆ ಕೂರುವುದಕ್ಕಿಂತ ಎಂದು ದಾರಿಗಳನ್ನು ಬರೆದಿಡುವ ಆ ಫೈಲು ತೆರೆದೆ. ಅದರ ಕೊನೆಗೆ ಒಂದು ಸಾಲಿತ್ತು. ಯಂತ್ರ ಓದದೆ ಬಿಡುವ, ಮನುಷ್ಯರು ಮನುಷ್ಯರಿಗಾಗಿ ಬರೆದಿಡುವ ಟಿಪ್ಪಣಿಯ ಸಾಲು. ಇಂಗ್ಲಿಷ್ ಅಕ್ಷರದಲ್ಲಿ, ಮರಾಠಿಯಲ್ಲಿ, ‘ಮಿರಜ ರೂಟ್, ಉದ್ಯಾ’ ಎಂದಿತ್ತು. ಉದ್ಯಾ ಎಂದರೆ ನಾಳೆ. ಆ ಫೈಲನ್ನು ಮುಟ್ಟುವವನು ಈ ಲೋಕದಲ್ಲಿ ನಾನೊಬ್ಬನೇ. ಲೈನು ಹಾಕಿಸಿದ ದಿನದ ನಾನು ಆ ದಿನದ ನನಗೆ ಬರೆದ ಪತ್ರವನ್ನು ಮೂರು ಸಲ ಓದಿದೆ. ಎಲ್ಲವೂ ಒಮ್ಮೆಲೇ ತಿಳಿಯಿತು. ಮಿರಜಿನ ಮಾತು ಪೆಟ್ಟಿಗೆಯ ಮೂಲಕ ಸರ್ವರಿನ ತನಕ ಸರಿಯಾಗಿಯೇ ಬರುತ್ತಿತ್ತು. ಸರ್ವರ್ ಉತ್ತರವನ್ನೂ ಕೊಡುತ್ತಿತ್ತು. ಆದರೆ ಆರಿಸಿ ಹಚ್ಚಿದ ಮೇಲೆ ಅದಕ್ಕೆ ಮಿರಜಿನ ದಾರಿ ನೆನಪಿರಲಿಲ್ಲ, ಉತ್ತರವನ್ನು ದೊಡ್ಡ ಬಾಗಿಲಿನಿಂದ ಆಚೆ ತಳ್ಳುತ್ತಿತ್ತು. ಮಿರಜಿಗೆ ಹೋಗಬೇಕಾದವನನ್ನು ಸಾಂಗ್ಲಿ ಸ್ಟ್ಯಾಂಡಿನಲ್ಲಿ ಮುಂಬಯಿ ಬಸ್ಸಿಗೆ ಹತ್ತಿಸಿದ ಹಾಗೆ. ನೀರೂ ಇಲ್ಲ, ಪೂಜೆಯೂ ಇಲ್ಲ. ಹಳೆಯ ಸಾಲನ್ನು ಮತ್ತೊಮ್ಮೆ ಬಡಿದೆ, ವೈಶಾಲಿ ಫೋನು ಮಾಡಿ ಬಂತು ಎಂದಳು.

ಅಪ್ಪಾಸಾಹೇಬರು ಮೆಟ್ಟಿಲ ಕೆಳಗೇ ಸಿಕ್ಕರು. “ನೀರ ಒಣಗಿತೇನಪಾ?” ಎಂದು ಕೇಳಿದರು. ಇಲ್ಲರಿ, ತಪ್ಪು ನನ್ನದು ಎನ್ನಲು ಒಂದು ಉಸಿರು ಸಾಕಿತ್ತು. ನಾನು “ಹೌದ್ರಿ” ಎಂದೆ. ನಾನೇನು ಸುಳ್ಳು ಕಟ್ಟಿ ಹೇಳಲಿಲ್ಲ, ಅವರು ಕಟ್ಟಿಟ್ಟದ್ದನ್ನು ಬಿಚ್ಚಲಿಲ್ಲ ಅಷ್ಟೇ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಬಿಚ್ಚಲು ನಾಳೆ ಇದ್ದೇ ಇತ್ತು. ಆ ನಾಳೆಗಳು ಒಂದರ ಹಿಂದೊಂದು ದೀಪಾವಳಿಯ ತನಕ ಹೋದವು. ಪಾಡವ್ಯದ, ಅಂದರೆ ಬಲಿಪಾಡ್ಯಮಿಯ ಪೂಜೆಯ ದಿನ ಅಪ್ಪಾಸಾಹೇಬರು, ಒದ್ದೆಯಾದ ಸರ್ವರನ್ನು ಎರಡೇ ದಿನದಲ್ಲಿ ಬದುಕಿಸಿದ್ದಕ್ಕೆ ಎಲ್ಲರೆದುರು ನನಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಶಾಲು ಇಟ್ಟಿದ್ದ ತಟ್ಟೆಯನ್ನು ಹಿಡಿದು ನಿಂತವರು ಮಾವಶಿ. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ತೆಂಗಿನಕಾಯಿಯ ಜುಟ್ಟನ್ನೇ ನೋಡುತ್ತಾ ನಿಂತಿದ್ದೆ. ಅಷ್ಟು ಹೊತ್ತಿಗಾಗಲೇ ಅವರು ಮಾಳಿಗೆ ಹತ್ತುವುದನ್ನು ಬಿಟ್ಟಿದ್ದರು. ನನ್ನ ಚಹಾ ಮೆಟ್ಟಿಲ ಕೆಳಗಿನ ಸ್ಟೂಲಿನ ಮೇಲಿರುತ್ತಿತ್ತು, ನಾನು ಇಳಿದು ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಮೊಣಕಾಲಿನ ನೆಪ ಹೇಳಿ ಅವರು ಕೆಲಸ ಬಿಟ್ಟರು, ಮಾಲಗಾಂವದ ತಂಗಿಯ ಮನೆಗೆ ಹೋದರು. ಹೋದ ವರ್ಷದ ಖಂಡೇನವಮಿಗೆ ಮೇಲಿನ ಕೋಣೆಗೆ ಯಾರೂ ಬರಲಿಲ್ಲ. ಸರ್ವರ್ ದಿನವಿಡೀ ನಡೆಯಿತು. ನಾನು ಒಂದು ಚೆಂಡುಹೂ ತೆಗೆದುಕೊಂಡು ಹೋಗಿ ಅದರ ಮೇಲೆ ಇಟ್ಟೆ, ಇಟ್ಟದ್ದು ಸರಿ ಕಾಣಲಿಲ್ಲ, ತೆಗೆದು ಜೇಬಿಗೆ ಹಾಕಿಕೊಂಡೆ.

ಈ ವರ್ಷ ನವರಾತ್ರಿಯ ಘಟ ಕೂರುವ ಮುಂಚಿನ ರವಿವಾರ, ಅದೇನು ಅನ್ನಿಸಿತೋ, ಮಿರಜಿಗೆ ಬಸ್ಸು ಹಿಡಿದು ಅಲ್ಲಿಂದ ಮಾಲಗಾಂವಕ್ಕೆ ಹೋದೆ. ಹೇಗೆ ಸುರು ಮಾಡಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಗಂಟಲು ತುಸು ಗದ್ಗದವಾಗಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡಿದ್ದೆ. ಮಾವಶಿ ಅಂಗಳದಲ್ಲಿ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದರು. ಕೂರಲು ಮಣೆ ಕೊಟ್ಟು, ಹುಡುಗರು ಹೇಗಿದ್ದಾರೆ ಎಂದು ಕೇಳಿದರು. ನನ್ನ ತಾಲೀಮೆಲ್ಲ ಮರೆತುಹೋಗಿ, ಹಿಂದು ಮುಂದಾಗಿ, ದಾರಿ, ಫೈಲು, ಚಹಾ, ಉದ್ಯಾ, ಶಾಲು ಎಲ್ಲವನ್ನೂ ಒದರಿಬಿಟ್ಟೆ. ಅವರು ಮೊರ ಕೇರುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಒಂದು ಕಲ್ಲು ಆರಿಸಿ ಆಚೆ ಒಗೆದು ಹೇಳಿದರು.

“ನೀರ ಹೋಗಿಲ್ಲಂತ ನನಗ ಅವತ್ತ ಗೊತ್ತಿತ್ತು ತಮ್ಮಾ. ಬಂದ್ ಮಾಡಿದ ಮ್ಯಾಲ ನೀನ ಅದರ ಮ್ಯಾಲ ನಿನ್ನ ಟಾವೆಲ್ ಎರಡು ಘಡಿ ಮಾಡಿ ಹೊಚ್ಚಿದ್ದಿ. ನಾ ಪೂಜಾ ಮಾಡಿದ್ದು ನಿನ್ನ ಟಾವೆಲ್‌ಗೆ.”

ನನಗೆ ಕುಂಕುಮದ ಕಲೆ ನೆನಪಾಯಿತು. ಹೌದು, ಎರಡು ಮಡಿಕೆ ಮಾಡಿ ಹೊದಿಸಿದ್ದೆ. ಹನಿ ಬಿದ್ದೀತೆಂದು ನಾನೇ ಓಡಿ ಹೋಗಿ ಮುಚ್ಚಿದ್ದೆ. ಅಪ್ಪಾಸಾಹೇಬರು ಕೇಳಿದಾಗ ಅದು ನೆನಪಾಗಲಿಲ್ಲವೋ, ನೆನಪಾಗದಂತೆ ನಾನೇ ನೋಡಿಕೊಂಡೆನೋ, ಎರಡು ವರ್ಷವಾದ ಮೇಲೆ ಇದನ್ನು ಪ್ರಾಮಾಣಿಕವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀ ಹೇಳ್ತಿ ಅಂತ ಸುಮ್ಮನಿದ್ದೆ” ಎಂದರು. ಸಿಟ್ಟಿಲ್ಲ, ಕೊಂಕಿಲ್ಲ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಮೇಲೆ ಯಾರೂ ಇಟ್ಟಿರದಷ್ಟು ನಂಬಿಕೆಯನ್ನು ಆ ಹೆಂಗಸು ಮೆಟ್ಟಿಲ ಕೆಳಗೆ ನಿಂತು ದೀಪಾವಳಿ ದಾಟಿ ಸಂಕ್ರಾಂತಿಯ ತನಕ ಇಟ್ಟಿದ್ದರು.

ಖಂಡೇನವಮಿಗೆ ಬನ್ನಿ, ಮೇಲಿನ ಕೋಣೆಯ ಪೂಜೆ ನೀವೇ ಮಾಡಬೇಕು ಎಂದು ಅಂಗಲಾಚಿದೆ. ಮಾಲಕರಿಗೆ ಹೇಳಿದ್ದೀಯೇನು ಎಂದು ಮಾವಶಿ ಕೇಳಿದರು. ಇನ್ನೂ ಇಲ್ಲ ಎಂದೆ. ಹೋಗಲಿ, ಆ ದಾರಿಯನ್ನಾದರೂ ಬರೆದಿಟ್ಟಿಯೇನು ಎಂದು ಕೇಳಿದರು. ಎರಡು ವರ್ಷದ ಹಿಂದೆ ಆ ಮೂರನೆಯ ದಿನ ಸಾಲನ್ನು ಬಡಿದು, ವೈಶಾಲಿಯ ಫೋನು ಬಂದ ಸಂಭ್ರಮದಲ್ಲಿ ಫೈಲನ್ನು ಹಾಗೆಯೇ ಮುಚ್ಚಿ ಇಳಿದು ಬಂದವನು ಮತ್ತೆ ಅದನ್ನು ತೆರೆದಿರಲಿಲ್ಲ. ಮಾವಶಿ ನನ್ನ ಮುಖ ನೋಡಿದರು, ಮೊರವನ್ನು ಕೆಳಗಿಟ್ಟರು, ಮೊದಲ ಸಲ ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದೇ ಮಾತು ಹೇಳಿದರು.

“ಮಾಲಕರು ಬಾ ಅಂದ್ರ ಬರ್ತೀನಿ. ನೀ ಅಂದ್ರ ಅಲ್ಲ.”

ಮರುದಿನ ಹೋದವನೇ ಮಾಳಿಗೆ ಹತ್ತಿ, ಕೈಚೀಲ ಕೂಡ ಇಳಿಸದೆ ಫೈಲು ತೆರೆದು ಮಿರಜಿನ ದಾರಿಯನ್ನು ಬರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಸರ್ವರನ್ನು ಆರಿಸಿ ಹಚ್ಚಿ ನೋಡಿದೆ, ಮಿರಜು ಓ ಎಂದಿತು. ‘ಉದ್ಯಾ’ ಎಂಬ ಶಬ್ದವನ್ನು ನನ್ನ ಕೈಯಾರೆ ಅಳಿಸಿದೆ. ಅದೇ ಉಮೇದಿನಲ್ಲಿ ಅಪ್ಪಾಸಾಹೇಬರ ಕೋಣೆಯ ತನಕ ಹೋದೆ. ಅವರು ಫೋನಿನಲ್ಲಿದ್ದರು, ಆಮೇಲೆ ಬಾ ಎಂದು ಕೈ ಮಾಡಿದರು. ಮಂಗಳವಾರ ಯಾರೋ ವ್ಯಾಪಾರಿಗಳು ಬಂದಿದ್ದರು. ಬುಧವಾರ ಅವರಿಗೆ ಹಲ್ಲುನೋವು, ಹಲ್ಲುನೋವಿನವರ ಮುಂದೆ ಇಂಥ ವಿಷಯ ತೆಗೆಯುವುದು ಸರಿಯಲ್ಲ. ಇವತ್ತು ಒಬ್ಬರೇ ಕುಳಿತಿದ್ದರು, ಹಲ್ಲೂ ಸರಿಯಿತ್ತು, ಏನಪಾ ಎಂದು ತಾವಾಗಿಯೇ ಕೇಳಿದರು. ಈ ವರ್ಷ ಚೆಂಡುಹೂ ಎಷ್ಟು ತರಿಸಬೇಕು ಎಂದು ಕೇಳಿ ಹೊರಗೆ ಬಂದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ, ಕುಂಕುಮದ ಕಲೆಯಿದ್ದ ಆ ಟಾವೆಲ್ಲನ್ನು ತಂದು, ನಾಳೆ ಆಫೀಸಿಗೆ ಒಯ್ಯುವ ನನ್ನ ಚೀಲದ ಮೇಲೆ ಮಡಿಚಿಟ್ಟಿದ್ದಾಳೆ. ಖಂಡೇನವಮಿಗೆ ಇನ್ನೂ ಐದು ದಿನವಿದೆ. ಬೇರೆಯವರಿಗೆ ಅದು ಐದು ದಿನ, ನನ್ನಂಥವನಿಗೆ ಐದು ನಾಳೆ.